ಹಾಕಿ ಆಡಿದವರಿಗೆ ಹರ್ಲಿಂಗ್: ಧಾರಾಳವಾಗಿ ಸೇರಿ

ಕೊಡಗಿನಲ್ಲಿ ಹಾಕಿ ಆಡಿ ಬೆಳೆದವನು, ಎಂಎಸ್ ಮಾಡೋಕೆ ಅಮೆರಿಕಕ್ಕೆ ಬಂದಿದ್ದೀನಿ, ಕಾಲೇಜಿನ ಹರ್ಲಿಂಗ್ ಕ್ಲಬ್ಬಿನವರು ಕರೀತಿದ್ದಾರೆ, ಹೋಗಲಾ ಅಂತ ಕೇಳಿದ್ದೀರಿ. ಹೋಗಿ.

ಹರ್ಲಿಂಗ್ ಅಂದರೆ ಕೋಲಿನಿಂದ ಚೆಂಡು ಹೊಡೆದಾಡುವ ಐರ್ಲೆಂಡಿನ ಆಟ. ಆದರೆ ಇಲ್ಲಿನ ಕಾಲೇಜು ತಂಡಗಳಲ್ಲಿ ಐರಿಷ್ ಹುಡುಗರು ಸಿಗೋದು ಕಮ್ಮಿ. ಬಹುತೇಕ ಅಮೆರಿಕನ್ನರೂ ಕಾಲೇಜಿಗೆ ಬಂದ ಮೇಲೇ ಮೊದಲ ಸಲ ಆ ಕೋಲು ಹಿಡಿದಿರುತ್ತಾರೆ. ಬೇಸ್‌ಬಾಲ್ ತಂಡಕ್ಕೆ ಹೋದರೆ ಐದನೇ ವಯಸ್ಸಿಂದ ಆಡಿದವರ ಮುಂದೆ ನಿಲ್ಲಬೇಕು, ಇಲ್ಲಿ ಆ ಕಾಟವಿಲ್ಲ. ಕಾಲೇಜು ಹರ್ಲಿಂಗೇ ಇನ್ನೂ ಎಳೆಯದು: ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳು ಮೊದಲ ಸಲ ಪರಸ್ಪರ ಆಡಿದ್ದು 2009ರಲ್ಲಿ, ಕಾಲೇಜು ಹರ್ಲಿಂಗ್ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಜಿಎಎ ಹುಟ್ಟಿದ್ದು 2011ರಲ್ಲಿ. ಅಮೆರಿಕದ ಕಾಲೇಜು ಕ್ರೀಡೆಗಳ ದೊಡ್ಡ ಸಂಸ್ಥೆ ಎನ್‌ಸಿಎಎಗೂ ಇದಕ್ಕೂ ಸಂಬಂಧವಿಲ್ಲ. ಸ್ಕಾಲರ್‌ಶಿಪ್ಪೂ ಇಲ್ಲ, ಸಂಬಳವೂ ಇಲ್ಲ. ಟೂರ್ನಮೆಂಟಿಗೆ ಹೋಗುವ ಖರ್ಚಿಗೆ ಕೈಯಿಂದ ಒಂದಿಷ್ಟು ಹಾಕಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ.

ಐರ್ಲೆಂಡಿನಲ್ಲಿ ತಂಡಕ್ಕೆ 15 ಜನ. ಇಲ್ಲಿ ಅಷ್ಟು ಜನ ಸೇರೋದು ಕಷ್ಟ, ಕಮ್ಮಿ ಜನರಲ್ಲೇ ಆಡಿಬಿಡುತ್ತಾರೆ. ಚೆಂಡು ಗೋಲುಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ 1 ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ 3.

ನಿಮಗೆ ಅಡ್ಡ ಬರೋದು ಹಾಕಿಯ ಅಭ್ಯಾಸಾನೇ. ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ ತಾನೆ? ಇಲ್ಲಿ ಬಲಗೈ ಆಟಗಾರ ಬಲಗೈಯನ್ನೇ ಕೋಲಿನ ಮೇಲ್ತುದಿಯಲ್ಲಿಡಬೇಕು. ಹಳೇ ಹಿಡಿತದಲ್ಲೇ ಹೊಡೆದರೆ ಕೋಚ್ "ಗಾಲ್ಫ್ ಆಡ್ತಿದ್ದೀಯಾ?" ಅಂತಾರೆ. ಕೋಲಿನ ಎರಡೂ ಮುಖದಲ್ಲಿ ಹೊಡೆಯಬಹುದು, ಚೆಂಡನ್ನ ಕೈಯಲ್ಲಿ ಹಿಡಿಯಬಹುದು. ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ, ನೆಲದ ಮೇಲಿರುವ ಚೆಂಡನ್ನ ನೇರ ಕೈಯಿಂದ ಎತ್ತುವಂತಿಲ್ಲ. ಕೋಲಿನಿಂದ ಕೆದಕಿ ಎತ್ತಿಕೊಳ್ಳಬೇಕು, ಬಗ್ಗಿ ಆಡಿದ ನಿಮ್ಮ ಸೊಂಟಕ್ಕೆ ಅದು ಸಲೀಸು.

ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಹಾಕ್ತಾರೆ, ಹಾಗಾಗಿ ಅಮ್ಮನಿಗೆ ವಿಡಿಯೋ ಕಳಿಸಿದರೂ ಪರವಾಗಿಲ್ಲ. ಪೆಟ್ಟು ಬೀಳೋದು ಬೆರಳಿಗೆ. ಚೆಂಡಿಗೆ ಕೈಯೆತ್ತಿದಾಗ ಎದುರಾಳಿಯ ಕೋಲೂ ಅಲ್ಲಿಗೇ ಬಂದಿರುತ್ತೆ! ಅದಕ್ಕೇ ಹೆಸರು ಕೊಡೋ ಮುಂಚೆ ನಿಮ್ಮ ಸ್ಟೂಡೆಂಟ್ ಇನ್ಶೂರೆನ್ಸ್ ಪಾಲಿಸಿ ತೆಗೆದು ಕ್ಲಬ್ ಕ್ರೀಡೆಯ ಗಾಯಗಳಿಗೆ ಹಣ ಕೊಡ್ತಾರಾ, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡೋ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) ಎಷ್ಟು ಅಂತ ಓದಿ. ಇಲ್ಲಿ ಒಂದು ಎಕ್ಸ್‌ರೇ ಬಿಲ್ಲು ತಿಂಗಳ ದಿನಸಿಯನ್ನೇ ನುಂಗಿಬಿಡಬಹುದು.

ಕೋಲು, ಹೆಲ್ಮೆಟ್ ಈಗಲೇ ಕೊಳ್ಳಬೇಡಿ, ಹೊಸಬರಿಗೆ ಸಾಮಾನ್ಯವಾಗಿ ಕ್ಲಬ್ಬಿನವರೇ ಕೊಡ್ತಾರೆ. ಹಾಕಿ ಶೂ ಇದ್ದರೆ ಬ್ಯಾಗಿಗೆ ಹಾಕಿಕೊಂಡು ಹೋಗಿ.