ಗಾಡಿಲಿ ಮಲ್ಗೋರಿಗೆ ಸೊಳ್ಳೆ, ನುಸಿ, ಉಣುಗಿನ ಕಾಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ. ನಮ್ದು ಹಳೇ ವ್ಯಾನು, ಹಿಂದಿನ ಸೀಟು ಬಿಚ್ಚಿಸಿ ಹಾಸಿಗೆ ಹಾಕ್ಕೊಂಡಿದೀವಿ. ನವೆಂಬರಲ್ಲಿ ಶರಾವತಿ ಹಿನ್ನೀರಿನ ಕಡೆ ಹೋಗಿ ಒಬ್ರ ಹೋಂಸ್ಟೇ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅದ್ರಲ್ಲೇ ಮಲ್ಗಿದ್ವಿ, ನಾನು, ನಮ್ಮ ಯಜಮಾನ್ರು, ಎರಡೂವರೆ ವರ್ಷದ ಮಗಳು. ಗ್ಲಾಸ್ ಹಾಕಿದ್ರೆ ಸೆಖೆ, ತೆಗೆದ್ರೆ ಸೊಳ್ಳೆ. ಮನೇಲಿದ್ದ ಸೊಳ್ಳೆ ಪರದೆ ಕತ್ತರಿಸಿ ಕಿಟಕಿಗೆ ಕಟ್ಟಿದ್ವಿ, ಆದ್ರೂ ಕಣ್ಣಿಗೆ ಕಾಣದಷ್ಟು ಸಣ್ಣದೇನೋ ಕಚ್ಚಿ ಬೆಳಗ್ಗೆ ಮಗು ಕೈಕಾಲೆಲ್ಲ ಕೆಂಪು ದದ್ದು. ರಾತ್ರಿ ತಡ್ಕೊಳಕ್ಕಾಗ್ದೆ ಸೊಳ್ಳೆ ಬತ್ತಿ ಹಚ್ಚಿ ಗ್ಲಾಸ್ ಏರಿಸಿದ್ವಿ, ಅರ್ಧ ಗಂಟೇಲಿ ಮೂರೂ ಜನಕ್ಕೆ ಕೆಮ್ಮು. ಜನವರಿಲಿ ಮತ್ತೆ ಹೋಗೋ ಆಸೆ ಇದೆ, ಏನ್ ಮಾಡಿದ್ರೆ ನೆಮ್ಮದಿಯಾಗಿ ಮಲ್ಗಬಹುದು? (ಓದುಗರು, ದಾವಣಗೆರೆ)

ಉತ್ತರ: ಅಮ್ಮಾ, ಮೊದಲು ಆ ಬತ್ತಿ ವಿಷಯ ಹೇಳ್ಬಿಡ್ತೀನಿ, ಉಳಿದಿದ್ದು ಆಮೇಲೆ. ಮುಚ್ಚಿದ ಗಾಡಿಲಿ ಸೊಳ್ಳೆ ಬತ್ತಿ ಯಾವತ್ತೂ ಹಚ್ಚಬೇಡಿ. ಒಂದು ಬತ್ತಿ ಪೂರ್ತಿ ಉರಿದ್ರೆ ಅದರಿಂದ ಬರೋ ಸಣ್ಣ ಹೊಗೆ ಕಣ 75ರಿಂದ 137 ಸಿಗರೇಟು ಸುಟ್ಟಷ್ಟಕ್ಕೆ ಸಮ ಅಂತ ಸಂಶೋಧಕರು ಅಳತೆ ಮಾಡಿ ಹೇಳಿದಾರೆ, ಮನೆ ರೂಮಲ್ಲೇ ಅದು ಜಾಸ್ತಿ ಆಯ್ತು, ನಿಮ್ಮ ವ್ಯಾನಿನ ಒಳಗಿನ ಜಾಗ ಒಂದು ರೂಮಿನ ಕಾಲು ಭಾಗನೂ ಇರಲ್ಲ, ಅದ್ರಲ್ಲೂ ಪುಟ್ಟ ಮಗು. ಜೊತೆಗೆ ಕೆಂಡ ಹಾಸಿಗೆಗೆ ತಾಗಿದ್ರೆ ಏನ್ ಗತಿ. ಹಂಗೇ ಇಂಜಿನ್ ಆನ್ ಮಾಡಿ ಎಸಿ ಹಾಕ್ಕೊಂಡು ಮಲ್ಗೋದೂ ಬೇಡ, ಸೈಲೆನ್ಸರ್ ಎಲ್ಲಾದ್ರೂ ಸಣ್ಣಗೆ ಲೀಕ್ ಆಗಿದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ನಿದ್ದೆಲಿ ಇರೋರಿಗೆ ಗೊತ್ತೇ ಆಗಲ್ಲ.

ಈಗ ನಿಮ್ಮನ್ನ ಕಚ್ಚಿದ್ದು ಯಾವುದು ನೋಡೋಣ. ಪರದೆ ಕಟ್ಟಿದ್ರೂ ಒಳಗೆ ಬಂದಿದ್ದು ನುಸಿ, ಕೆಲವ್ರು ನೊರಜು ಅಂತಾರೆ. ಇದು ಸೊಳ್ಳೆ ಅಲ್ಲ, ಬೇರೇನೇ ಜಾತಿ, ಉದ್ದ ಒಂದರಿಂದ ಮೂರು ಮಿಲಿಮೀಟರ್, ಕೆಸರು ನೀರಿನ ದಡ, ಕೊಟ್ಟಿಗೆ, ಗೊಬ್ಬರ ಗುಂಡಿ ಹತ್ರ ಹುಟ್ಟೋದು, ಹೊತ್ತು ಮುಳುಗೋವಾಗ ಮತ್ತೆ ಬೆಳಗಿನ ಜಾವ ಜೋರು. ಮನೆಯ ಸೊಳ್ಳೆ ಪರದೆ ಕಣ್ಣು ಸಾಮಾನ್ಯವಾಗಿ 1.2ರಿಂದ 1.5 ಮಿಲಿಮೀಟರ್ ಇರತ್ತೆ, ಸೊಳ್ಳೆಗೆ ಅದು ಸಾಕು, ನುಸಿಗೆ ಅದು ಬಾಗ್ಲು ತೆಗೆದಿಟ್ಟ ಹಾಗೆ. ನುಸಿಗೂ ತಡೆ ಆಗಬೇಕು ಅಂದ್ರೆ ಕಣ್ಣು 0.6 ಮಿಲಿಮೀಟರ್ ಆಸುಪಾಸು ಇರಬೇಕು. ಅಂಗಡಿಲಿ ಅಳತೆ ಕೇಳಿದ್ರೆ ಹೇಳೋರು ಕಮ್ಮಿ, ಅದಕ್ಕೆ ನಾನು ಒಂದು ಚಿಟಿಕೆ ಗಸಗಸೆ ಕಾಗದದಲ್ಲಿ ಕಟ್ಕೊಂಡು ಹೋಗ್ತೀನಿ, ಬಟ್ಟೆ ಮೇಲೆ ಹಾಕಿ ಅಲ್ಲಾಡಿಸಿದಾಗ ಕಾಳು ಕೆಳಗೆ ಜಾರಿದ್ರೆ ಆ ಬಟ್ಟೆ ಬೇಡ, ನಿಂತ್ರೆ ತಗೋಬಹುದು. ಸೀರೆ ಅಂಗಡಿಲಿ ಸಿಗೋ ಆರ್ಗಾಂಜಾ ಬಟ್ಟೆನೂ ನಡಿಯತ್ತೆ. ಒಂದೇ ತೊಂದರೆ, ಕಣ್ಣು ಸಣ್ಣ ಆದಷ್ಟೂ ಗಾಳಿ ಕಮ್ಮಿ, ಹಂಗಾಗಿ ಒಂದು ಕಿಟಕಿ ಸಾಲದು, ಎದುರುಬದುರು ಎರಡು ಕಿಟಕಿ ತೆಗೆದಿಡ್ಬೇಕು.

ಹೊಲಿಯೋದು ಹೆಂಗೆ ಅಂದ್ರೆ, ಮುಂದಿನ ಎರಡು ಬಾಗಿಲಿಗೆ ದಿಂಬಿನ ಕವರ್ ಥರ ಒಂದು ಚೀಲ, ಬಾಯಿಗೆ ಸುತ್ತ ಎಲಾಸ್ಟಿಕ್. ಬಾಗ್ಲು ತೆಗೆದು ಮೇಲಿಂದ ಕಿಟಕಿ ಚೌಕಟ್ಟಿಗೆ ಟೋಪಿ ಹಾಕಿದ ಹಾಗೆ ಎಳೆದು ಬಾಗ್ಲು ಹಾಕಿದ್ರೆ ಆಯ್ತು, ಗ್ಲಾಸನ್ನ ಒಳಗಿಂದ ಎಷ್ಟು ಬೇಕಾದ್ರೂ ಇಳಿಸಬಹುದು, ಮಳೆ ಬಂದ್ರೆ ಹೊರಗೆ ಹೋಗದೇ ಏರಿಸಬಹುದು. ಜಾರೋ ಬಾಗಿಲಿಗೆ ಈ ಚೀಲ ಆಗಲ್ಲ, ಅಲ್ಲಿ ಕಿಟಕಿಗಿಂತ ನಾಲ್ಕು ಬೆರಳು ದೊಡ್ಡ ತುಂಡು ಕತ್ತರಿಸಿ ಅಂಚು ಮಡಚಿ ಒಳಗೆ ಸಣ್ಣ ಸಣ್ಣ ಮ್ಯಾಗ್ನೆಟ್ ಇಟ್ಟು ಹೊಲಿಸಿ, ಹೊರಗಿನ ತಗಡಿಗೆ ಅಂಟ್ಕೊಳತ್ತೆ. ಒಳಗಡೆ ಪ್ಲಾಸ್ಟಿಕ್ ಇರೋದ್ರಿಂದ ಅಲ್ಲಿ ಮ್ಯಾಗ್ನೆಟ್ ಹಿಡಿಯಲ್ಲ, ಒಳಗೇ ಬೇಕು ಅಂದ್ರೆ ವೆಲ್ಕ್ರೋ ಪಟ್ಟಿ ಅಂಟಿಸ್ಬೇಕು. ನಮ್ಮ ಟೈಲರ್ ಮೊದಲ ಸಲ ಮ್ಯಾಗ್ನೆಟ್ ಒಂದಡಿಗೆ ಒಂದು ಇಟ್ಟಿದ್ರು, ಗಾಳಿ ಬೀಸಿದಾಗೆಲ್ಲ ನಡುವೆ ಬಾಯಿ ಬಿಡ್ತಿತ್ತು, ಗೇಣಿಗೆ ಎರಡು ಇಡಿಸಿದ ಮೇಲೆ ಸರಿ ಹೋಯ್ತು. ಡಿಕ್ಕಿ ಬಾಗ್ಲು ತೆಗೆದಿಟ್ಟು ಮಲ್ಗೋ ಆಸೆ ಇದ್ರೆ ಪೂರ್ತಿ ಹಾಸಿಗೆ ಅಳತೆಯ ಪರದೆ ಇಳಿಬಿಟ್ಟು ಕೆಳಗಿನ ಅಂಚಿಗೆ ಮರಳು ತುಂಬಿದ ಉದ್ದ ಚೀಲ ಇಡಿ, ಆದ್ರೆ ಮಗು ಇರೋವಾಗ ನನ್ನ ಮಾತು ಕೇಳೋದಾದ್ರೆ ಡಿಕ್ಕಿ ಮುಚ್ಚೇ ಇರಲಿ.

ಇನ್ನು ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ, ಹಳೇ ಗಾಡಿಲಿ ಅದು ಒಣಗಿ ಮೂಲೇಲಿ ಬಿರುಕು ಬಿಟ್ಟಿರತ್ತೆ. ರಾತ್ರಿ ಒಬ್ರು ಒಳಗೆ ಟಾರ್ಚ್ ಹಾಕ್ಕೊಂಡು ಬಾಗಿಲ ಅಂಚಿನ ಉದ್ದಕ್ಕೂ ತಿರುಗಿಸ್ಬೇಕು, ಹೊರಗೆ ನಿಂತವರಿಗೆ ಎಲ್ಲಿ ಬೆಳಕು ಕಾಣತ್ತೋ ಅದೇ ಸೊಳ್ಳೆ ದಾರಿ. ಡ್ಯಾಶ್‌ಬೋರ್ಡಲ್ಲಿರೋ ಗಾಳಿ ಲಿವರ್ ಹೊರಗಿನ ಗಾಳಿ ಒಳಗೆ ಬಿಡೋ ಹಾಗೆ ಇದ್ರೆ ಮುಚ್ಚಿಡಿ.

ಇಷ್ಟೆಲ್ಲ ಮಾಡಿನೂ ಸೋಲೋದು ಒಂದು ಕಡೆ, ಅದು ಸಂಜೆ. ಐದೂವರೆಗೆ ಗಾಡಿ ನಿಲ್ಲಿಸಿ ನಾಲ್ಕೂ ಬಾಗ್ಲು ಹಾರುಹೊಡೆದು ಸಾಮಾನು ಇಳಿಸೋದು, ಚಾಪೆ ತೆಗೆಯೋದು, ಮಗುಗೆ ಬಟ್ಟೆ ಹುಡುಕೋದು, ಒಳಗಿನ ಲೈಟು ಉರೀತಾ ಇರೋದು, ಕತ್ತಲಾದ ಮೇಲೆ ಪರದೆ ಕಟ್ಟೋದು. ಅಷ್ಟೊತ್ತಿಗೆ ಒಳಗೆ ಇಪ್ಪತ್ತು ಸೊಳ್ಳೆ ಕೂತಿರತ್ತೆ, ಪರದೆ ಕಟ್ಟಿ ಅವನ್ನ ನಮ್ಮ ಜೊತೆಗೇ ಕೂಡಿಹಾಕ್ಕೊಂಡಂಗೆ ಆಗತ್ತೆ. ಹೊತ್ತು ಮುಳುಗೋಕೆ ಒಂದು ಗಂಟೆ ಮೊದಲೇ ಹಾಸಿಗೆ ಹಾಸಿ, ಪರದೆ ಕಟ್ಟಿ, ಬಾಗ್ಲು ಹಾಕ್ಬಿಡಿ. ಟಾರ್ಚು, ನೀರು, ಮಗುವಿನ ಹಾಲಿನ ಬಾಟ್ಲಿ, ಔಷಧಿ ಎಲ್ಲ ಒಂದು ಚೀಲಕ್ಕೆ ಹಾಕಿ ಹೊರಗೆ ಇಟ್ಕೊಳಿ, ಅಡುಗೆ ಊಟ ಹೊರಗೇ. ಮಲ್ಗೋವಾಗ ಲೈಟ್ ಆರಿಸಿ, ಒಂದೇ ಬಾಗಿಲಿಂದ ಎಲ್ಲರೂ ಬೇಗ ಬೇಗ ಹತ್ತಿ, ಆಮೇಲೆ ಐದು ನಿಮಿಷ ಬ್ಯಾಟ್ ಹಿಡ್ಕೊಂಡು ಸೀಟಿನ ಕೆಳಗೆ, ಡ್ಯಾಶ್‌ಬೋರ್ಡ್ ಅಡಿ, ನೇತಾಕಿದ ಬಟ್ಟೆ ಹಿಂದೆ ಹುಡುಕಿ ಹೊಡೀರಿ. ಕಪ್ಪು ಜಾಗದಲ್ಲೇ ಅಡಗಿರ್ತವೆ.

ಲೈಟು ಹಳದಿ ಇದ್ರೆ ಹುಳಗಳ ಕಾಟ ಕಮ್ಮಿ ಅನ್ನೋದು ನಿಜ, ಆದ್ರೆ ಸೊಳ್ಳೆ ನಮ್ಮನ್ನ ಹುಡುಕೋದು ಬೆಳಕಿಂದ ಅಲ್ಲ, ನಾವು ಬಿಡೋ ಉಸಿರು, ಮೈ ಬಿಸಿ, ಬೆವರಿನ ವಾಸನೆಯಿಂದ. ಅದಕ್ಕೇ ಒಂದು ಸಣ್ಣ ಯುಎಸ್‌ಬಿ ಫ್ಯಾನ್ ತಗೊಳಿ, ಪವರ್ ಬ್ಯಾಂಕಿಗೆ ಹಾಕಿ ಮಲ್ಗಿರೋರ ಮೈ ಮೇಲೆ ಗಾಳಿ ಹರಿಯೋ ಹಾಗೆ ಇಟ್ರೆ ಗಾಳಿಗೆ ಎದುರಾಗಿ ಹಾರೋ ಶಕ್ತಿ ಸೊಳ್ಳೆಗಿಲ್ಲ, ನುಸಿಗಂತೂ ಮೊದಲೇ ಇಲ್ಲ, ಉಸಿರೂ ಚದುರಿ ಹೋಗತ್ತೆ.

ಜಾಗನೂ ನೋಡ್ಕೊಂಡು ನಿಲ್ಲಿಸಿ. ನೀರಿನ ಅಂಚು ಚಂದ ಕಾಣತ್ತೆ, ಆದ್ರೆ ಮಲ್ಗೋಕೆ ಸ್ವಲ್ಪ ಮೇಲೆ, ಗಾಳಿ ಆಡೋ ದಿಬ್ಬ ಒಳ್ಳೇದು. ಕೊಟ್ಟಿಗೆ ಪಕ್ಕ ಬೇಡ, ಗದ್ದೆ ಬದು ಬೇಡ, ಗದ್ದೆ ನೀರಲ್ಲಿ ಹುಟ್ಟೋ ಕ್ಯೂಲೆಕ್ಸ್ ಸೊಳ್ಳೆನೇ ಜಪಾನೀಸ್ ಮೆದುಳು ಜ್ವರ ಹರಡೋದು. ನಮ್ಮ ಕಡೆ ಕೊಟ್ಟಿಗೆಗೆ ಅಡಿಕೆ ಸಿಪ್ಪೆ ಹೊಗೆ ಹಾಕ್ತಾರೆ, ಲಕ್ಕಿ ಸೊಪ್ಪಿನ ಹೊಗೆನೂ ಹಾಕ್ತಾರೆ, ಅಂಗಳದಲ್ಲಿ ಕೂತು ಊಟ ಮಾಡೋವಾಗ ಗಾಳಿ ಬರೋ ಕಡೆ ಹತ್ತಡಿ ದೂರದಲ್ಲಿ ಹಳೇ ಬಾಂಡ್ಲೆಲಿ ಹಾಕಿದ್ರೆ ಒಳ್ಳೇದೇ, ಮನೆಯವ್ರನ್ನ ಕೇಳಿ ಹಾಕಿ, ಮಲ್ಗೋ ಮುಂಚೆ ನೀರು ಸುರಿದು ಪೂರ್ತಿ ಆರಿಸಿ.

ಮಗುಗೆ ಉದ್ದ ತೋಳಿನ ತೆಳು ಬಟ್ಟೆ, ಕಾಲಿಗೆ ಸಾಕ್ಸ್. ಹಚ್ಚೋ ಕ್ರೀಮು ನೀವು ನಿಮ್ಮ ಕೈಗೆ ಹಾಕ್ಕೊಂಡು ಅವಳಿಗೆ ಸವರಿ, ಅವಳ ಅಂಗೈಗೆ, ಕಣ್ಣು ಬಾಯಿ ಹತ್ರ ಬೇಡ, ಯಾಕಂದ್ರೆ ಆ ವಯಸ್ಸಲ್ಲಿ ಕೈ ಸೀದಾ ಬಾಯಿಗೆ ಹೋಗತ್ತೆ. ನೀಲಗಿರಿ ನಿಂಬೆ ಎಣ್ಣೆದು ಅಂತ ಬರೋದನ್ನ ಮೂರು ವರ್ಷ ತುಂಬೋ ತನಕ ಹಚ್ಚಬಾರದು, ಗಿಡದ್ದು ಅಂದ ಮಾತ್ರಕ್ಕೆ ಮಗುಗೆ ಆಗತ್ತೆ ಅಂತಲ್ಲ.

ಪ್ರಶ್ನೆ: ಬೇಸಿಗೇಲಿ ತೀರ್ಥಹಳ್ಳಿ, ಸಾಗರದ ಕಡೆ ಗಾಡಿ ತಗೊಂಡು ಹೋಗಿ ಮಲ್ಗೋ ಪ್ಲಾನ್ ಇದೆ. ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಬರತ್ತೆ ಅಂತಾರೆ. ಅದು ಗಾಡಿ ಒಳಗೂ ಬರತ್ತಾ? (ಓದುಗರು, ಹುಬ್ಬಳ್ಳಿ)

ಉತ್ತರ: ಬರತ್ತೆ, ಆದ್ರೆ ಕಿಟಕಿಯಿಂದಲ್ಲ. ಉಣುಗಿಗೆ ರೆಕ್ಕೆ ಇಲ್ಲ, ಅದು ಹಾರಲ್ಲ ನೆಗೆಯಲ್ಲ, ಹುಲ್ಲಿನ ತುದಿಲೋ ದರಕಿನ ಮೇಲೋ, ಅಂದ್ರೆ ಉದುರಿದ ಒಣ ಎಲೆ ಮೇಲೋ, ಕಾಯ್ತಾ ಇದ್ದು ಹಾದು ಹೋಗೋರ ಬಟ್ಟೆಗೆ ಅಂಟ್ಕೊಂಡು ನಮ್ಮ ಮೈ ಮೇಲೇ ಸವಾರಿ ಮಾಡಿ ಹಾಸಿಗೆಗೆ ಬರತ್ತೆ. ಹಾಗಾಗಿ ಇಲ್ಲಿ ಪರದೆ ಎಷ್ಟು ಒಳ್ಳೇದಿದ್ರೂ ಉಪಯೋಗ ಇಲ್ಲ, ಬಾಗಿಲ ಹತ್ರ ನಡೆಯೋ ತಪಾಸಣೆನೇ ಮುಖ್ಯ.

ಇದನ್ನ ಹಗುರವಾಗಿ ತಗೋಬೇಡಿ ಅಂತ ಕೈ ಮುಗಿದು ಹೇಳ್ತೀನಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯ್ತಾ ಇದ್ದಾಗ ಗೊತ್ತಾದ ಕಾಯಿಲೆ, ಅದಕ್ಕೇ ಡಾಕ್ಟರುಗಳು ಮಂಗನ ಕಾಯಿಲೆನ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಆ ಊರಿನ ಹೆಸರಲ್ಲೇ ಕರೀತಾರೆ. ಸಾಗರ ತಾಲೂಕಿನ ಅರಳಗೋಡು ಸುತ್ತ 2019ರ ಹೊತ್ತಿಗೆ ಜನ ತೀರ್ಕೊಂಡಿದ್ದು ನಮ್ಮ ಕಡೆಯವ್ರು ಯಾರೂ ಮರೆತಿಲ್ಲ. ಡಿಸೆಂಬರಿಂದ ಮೇ ತನಕ ಜಾಸ್ತಿ, ಯಾಕಂದ್ರೆ ಆಗ ಉಣುಗಿನ ಮರಿಗಳು ಚುರುಕು, ಆ ಮರಿ ನೋಡೋಕೆ ಗುಂಡುಸೂಜಿ ತಲೆಯಷ್ಟು, ಕೂತಿದ್ದು ಗೊತ್ತೇ ಆಗಲ್ಲ.

ಹೋಗೋ ಮುಂಚೆ ಆ ಊರಿನವ್ರಿಗೆ ಫೋನ್ ಮಾಡಿ ಈ ವರ್ಷ ಮಂಗ ಸತ್ತಿದೆಯಾ ಕೇಳಿ, ಸತ್ತಿದ್ರೆ ಆ ಕಡೆ ಬೇಡ, ಬೇರೆ ಊರಿಗೆ ಹೋಗಿ. ದಾರೀಲಿ ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆರೋಗ್ಯ ಇಲಾಖೆಯವ್ರು ಮಲೆನಾಡಲ್ಲಿ ಡೆಪಾ ಎಣ್ಣೆ ಅಂತ ಕೊಡ್ತಾರೆ, ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಹಚ್ಕೊಳೋದು, ಅಲ್ಲೇ ಕೇಳಿ. ಗಾಡಿನ ಗುಡಿಸಿದ ಅಂಗಳದಲ್ಲೇ ನಿಲ್ಲಿಸಿ, ಮರದ ಕೆಳಗಿನ ದರಕಿನ ಮೇಲೆ ಬೇಡ. ಅನುಮತಿ ಇಲ್ದೆ ರಿಸರ್ವ್ ಫಾರೆಸ್ಟ್ ಒಳಗೆ ರಾತ್ರಿ ಉಳಿಯೋದಂತೂ ಕಾನೂನು ಪ್ರಕಾರನೇ ತಪ್ಪು.

ತಿಳಿ ಬಣ್ಣದ ಪ್ಯಾಂಟ್ ಹಾಕಿ ಅದರ ತುದಿನ ಸಾಕ್ಸ್ ಒಳಗೆ ಸೇರಿಸಿ. ವಾಪಸ್ ಬಂದಾಗ ಗಾಡಿಗೆ ಹತ್ತೋ ಮುಂಚೆ ಹೊರಗೇ ಬಟ್ಟೆ ಕೊಡವಿ ಬದಲಾಯಿಸಿ, ಹಳೇದನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿದು ಕಟ್ಟಿ, ಮನೇಲಿ ಬಿಸಿ ನೀರಲ್ಲಿ ಒಗೀರಿ. ಕಿವಿ ಹಿಂದೆ, ಕೂದಲ ಬುಡ, ಕಂಕುಳು, ಸೊಂಟದ ಪಟ್ಟಿ, ಮಂಡಿ ಹಿಂದೆ ಒಬ್ರಿಗೊಬ್ರು ನೋಡ್ಕೊಳಿ. ನಾಯಿ ಕರ್ಕೊಂಡು ಹೋಗಿದ್ರೆ ಅದರ ಕಿವಿ, ಬೆರಳ ಸಂದಿ ಮೊದಲು. ಕಚ್ಚಿ ಕೂತಿದ್ರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನಕ್ಕೆ ನೇರವಾಗಿ ಎಳೀರಿ, ಸೀಮೆಎಣ್ಣೆ ಹಾಕೋದು, ಬೆಂಕಿ ಕಡ್ಡಿ ತಾಗಿಸೋದು ಮಾಡಬೇಡಿ, ಬೆರಳಿಂದ ಹಿಸುಕಬೇಡಿ, ಆಮೇಲೆ ಸೋಪು ಹಾಕಿ ತೊಳೀರಿ. ಊರಿಗೆ ಬಂದು ಒಂದು ವಾರ ಹತ್ತು ದಿನದೊಳಗೆ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈಕೈ ವಿಪರೀತ ನೋವು ಬಂದ್ರೆ ಮಾತ್ರೆ ನುಂಗಿ ಕಾಯೋದು ಬೇಡ, ಡಾಕ್ಟರಿಗೆ ಮಲೆನಾಡು ಕಾಡಿಗೆ ಹೋಗಿದ್ದೆ ಅಂತ ನೀವೇ ಬಾಯಿ ಬಿಟ್ಟು ಹೇಳಿ, ಹುಬ್ಬಳ್ಳಿಲಿ ಅವರಿಗೆ ಅದು ಹೊಳೆಯದೇ ಇರಬಹುದು.

ಪ್ರಶ್ನೆ: ಸೊಳ್ಳೆ ಸ್ಪ್ರೇ ಹೊಡ್ಕೊಂಡು ಸ್ಟೇರಿಂಗ್ ಹಿಡಿದೆ, ಪ್ಲಾಸ್ಟಿಕ್ ಅಂಟಂಟಾಗಿ ಕೈ ಗುರುತು ಬಿದ್ದಿದೆ. ಯಾಕೆ? (ಓದುಗರು, ಮೈಸೂರು)

ಉತ್ತರ: ಅದರಲ್ಲಿ ಡೀಟ್ ಇದ್ದಿರತ್ತೆ. ಸೊಳ್ಳೆಗೂ ಉಣುಗಿಗೂ ಒಳ್ಳೆ ಔಷಧಿ, ಅಮೆರಿಕದ ಸೈನ್ಯಕ್ಕೆ ಅಂತ 1946ರಲ್ಲಿ ಬಂದಿದ್ದು, ಆದ್ರೆ ಪ್ಲಾಸ್ಟಿಕ್, ರೆಕ್ಸಿನ್, ಪೇಂಟು ಕರಗಿಸೋ ಗುಣ ಅದಕ್ಕಿದೆ. ನನ್ನ ಗಾಡಿ ಡ್ಯಾಶ್‌ಬೋರ್ಡಲ್ಲೂ ಅಂಗೈ ಅಗಲದ ಗುರುತು ಇದೆ, ಏನ್ ಉಜ್ಜಿದ್ರೂ ಹೋಗಿಲ್ಲ, ನಿಮ್ಮದೂ ಹೋಗೋದು ಕಷ್ಟ. ಪಿಕಾರಿಡಿನ್ ಅಂತ ಬರೆದಿರೋದು ಸಿಕ್ಕಿದ್ರೆ ಅದನ್ನ ತಗೊಳಿ, ಪ್ಲಾಸ್ಟಿಕ್ಕಿಗೆ ಏನೂ ಮಾಡಲ್ಲ. ಡೀಟೇ ಇರೋದಾದ್ರೆ ಗಾಡಿ ಒಳಗೆ ಸ್ಪ್ರೇ ಬೇಡ, ಹೊರಗೆ ನಿಂತು ಹಚ್ಕೊಂಡು, ಅಂಗೈ ಸೋಪು ಹಾಕಿ ತೊಳ್ಕೊಂಡು, ಒಣಗಿದ ಮೇಲೆ ಬಾಗಿಲ ಹಿಡಿಕೆ ಮುಟ್ಟಿ.