ಪಾಲಿಶ್ ಮಾಡದ ಅಕ್ಕಿ ಒಳ್ಳೇದು ಅಂತ ಗೊತ್ತಿದ್ರೂ ಜನ ಬಿಳಿ ಅಕ್ಕೀನೇ ಯಾಕೆ ತಗೋತಾರೆ?

ಗೊತ್ತಿಲ್ದೆ ಅಲ್ಲ, ಕೇಳಿದ್ರೆ ಹೌದು ಒಳ್ಳೇದು ಅಂತಾನೇ ಹೇಳ್ತಾರೆ, ಆದ್ರೆ ತಗೊಳ್ಳೋವಾಗ ಕೈ ಹೋಗೋದು ಬಿಳೀದಕ್ಕೇನೆ. ಮುಖ್ಯ ಕಾರಣ ಬಾಯಿರುಚಿ ಮತ್ತೆ ಟೈಮು. ಪಾಲಿಶ್ ಮಾಡದ ಅಕ್ಕಿಯ ಮೇಲಿನ ತೌಡಿನ ಪದರ ನೀರನ್ನ ಬೇಗ ಒಳಗೆ ಬಿಡಲ್ಲ, ಹಂಗಾಗಿ ಬಿಳಿ ಅಕ್ಕಿ 15-20 ನಿಮಿಷದಲ್ಲಿ ಬೆಂದ್ರೆ ಇದಕ್ಕೆ 40 ನಿಮಿಷದ ಹತ್ರ ಬೇಕು, ಬೆಂದ ಮೇಲೂ ಅಗುಳು ಗಟ್ಟಿ, ಚೆನ್ನಾಗಿ ಜಗೀಬೇಕು, ಮಕ್ಕಳಂತೂ ತಟ್ಟೇಲೇ ಬಿಟ್ಟು ಏಳ್ತಾರೆ. ಅದೇ ತೌಡಲ್ಲಿ ಎಣ್ಣೆ ಅಂಶ ಇರೋದ್ರಿಂದ ಕೆಲವು ತಿಂಗಳಿಗೇ ಕಮಟು ವಾಸನೆ ಬರುತ್ತೆ.

ಇನ್ನೊಂದು, ಬಿಳಿ ಅಂದ್ರೆ ಶುದ್ಧ, ಉಳ್ಳವರ ಊಟ ಅನ್ನೋ ಭಾವನೆ ಬಹಳ ಹಳೇದು. 1890ರ ದಶಕದಲ್ಲೇ ಐಕ್‌ಮನ್ ಅನ್ನೋ ಡಚ್ ವೈದ್ಯರು ಜಾವಾದಲ್ಲಿ, ಪಾಲಿಶ್ ಅಕ್ಕಿ ತಿಂದ ಕೋಳಿಗಳಿಗೆ ಬೆರಿಬೆರಿ (ವಿಟಮಿನ್ ಬಿ1 ಕೊರತೆಯಿಂದ ನರಗಳು ದುರ್ಬಲ ಆಗೋ ರೋಗ) ಥರದ ಕಾಯಿಲೆ ಬರೋದನ್ನ, ತೌಡಿರೋ ಅಕ್ಕಿ ಕೊಟ್ರೆ ವಾಸಿಯಾಗೋದನ್ನ ನೋಡಿದ್ರು. ಆದ್ರೂ ಅಭ್ಯಾಸ ಬದಲಾಗ್ಲಿಲ್ಲ.

ನನ್ನ ಪ್ರಕಾರ 'ಆರೋಗ್ಯಕರ' ಅಂತ ಲೇಬಲ್ ಹಾಕಿದ್ರೆ ಸಾಲಲ್ಲ, ಅದು ಪಥ್ಯದ ಊಟ ಅನ್ನಿಸ್ಬಿಡುತ್ತೆ. ಬೇಯಿಸೋದು ಹೇಗೆ ಅಂತ ತೋರಿಸಿಕೊಡ್ಬೇಕು. ಅರೆ ಪಾಲಿಶ್ ಅಕ್ಕಿಯಿಂದ ಶುರು ಮಾಡಬಹುದು, ಇಲ್ಲಾ ಬಿಳೀದರ ಜೊತೆ ಸ್ವಲ್ಪ ಸ್ವಲ್ಪ ಮಿಕ್ಸ್ ಮಾಡಬಹುದು. ಮಿಕ್ಸ್ ಮಾಡೋದಾದ್ರೆ ಪಾಲಿಶ್ ಇಲ್ಲದ್ದನ್ನ ರಾತ್ರೀನೇ ನೆನೆಸಿಡಿ, ಇಲ್ಲಾಂದ್ರೆ ಒಂದು ಮೆತ್ತಗಾಗೋಷ್ಟ್ರಲ್ಲಿ ಇನ್ನೊಂದು ಬೆಂದೇ ಇರಲ್ಲ.