ಕಾರ್ಖಾನೆ ಇಲ್ಲದ ಊರಿಗೆ ಮಬ್ಬು ಎಲ್ಲಿಂದ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಕಾರ್ಖಾನೆ ಯಾವುದೂ ಇಲ್ಲ. ಆದರೂ ಡಿಸೆಂಬರ್ ಬಂತೆಂದರೆ ಮಧ್ಯಾಹ್ನವೂ ಎದುರಿನ ಗುಡ್ಡ ಮಸುಕು. ಮಳೆಗಾಲದಲ್ಲಿ ಹೀಗಿರುವುದಿಲ್ಲ. ಇದು ಮಂಜೋ, ಹೊಗೆಯೋ? ಗಾಳಿಯ ಮಾಲಿನ್ಯ ಅಳೆಯಲು ಮನೆಯಲ್ಲಿಟ್ಟ ಸಣ್ಣ ಮೀಟರ್ ಬೆಳಗ್ಗೆ 150 ತೋರಿಸುತ್ತದೆ. ನಂಬಬಹುದೇ?

ಉತ್ತರ: ಮಧ್ಯಾಹ್ನ ಎರಡಕ್ಕೂ ಕರಗದಿದ್ದರೆ ಅದು ಮಂಜಲ್ಲ, ಪಿಎಂ 2.5 ಎಂಬ ಹೊಗೆಯಂಥ ಸೂಕ್ಷ್ಮ ಕಣಗಳು. 2.5 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣ ಈ ಕಣಗಳು ರಸ್ತೆ ಧೂಳಿನಂತೆ ಬೇಗ ನೆಲ ಹಿಡಿಯುವುದಿಲ್ಲ. ಮಳೆ ಬಾರದಿದ್ದರೆ ಹಲವು ದಿನ ತೇಲುತ್ತವೆ. ಗಾಳಿ ಗಂಟೆಗೆ 15 ಕಿ.ಮೀ. ಬೀಸಿದರೂ ದಿನಕ್ಕೆ 360 ಕಿ.ಮೀ. ಆಯಿತು. ಚಳಿಗಾಲದಲ್ಲಿ ಗಾಳಿ ಈಶಾನ್ಯ, ಪೂರ್ವದ ಕಡೆಯಿಂದ. ಬಯಲುಸೀಮೆಯ ಹೊಗೆಯನ್ನು ಹೊತ್ತು ಘಟ್ಟ ದಾಟಿ ಅರಬ್ಬಿ ಸಮುದ್ರದವರೆಗೂ ಹೋಗುತ್ತದೆ. ಜೂನ್‌ನಲ್ಲಿ ಅದೇ ಗಾಳಿ ಸಮುದ್ರದಿಂದ ಬರುತ್ತದೆ. ಜೊತೆಗೆ ಮಳೆ ಗಾಳಿಯನ್ನು ತೊಳೆಯುತ್ತದೆ. ಆದರೆ ಬೀಳುವ ಹನಿಗೆ ಇಷ್ಟು ಸಣ್ಣ ಕಣ ಅಷ್ಟಾಗಿ ಸಿಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಮೋಡದೊಳಗೆ ಹನಿ ಕಟ್ಟುವಾಗ ಬೀಜವಾಗಿ ಸೇರಿ ಮಳೆಯ ಜೊತೆ ಇಳಿಯುವುದೇ ಹೆಚ್ಚು.

ಹಾಗೆಂದು ಎಲ್ಲ ತಪ್ಪನ್ನೂ ಬಯಲುಸೀಮೆಯ ತಲೆಗೆ ಕಟ್ಟಬೇಡಿ. ರಾತ್ರಿ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕೂರುತ್ತದೆ, ಬೆಚ್ಚಗಿನದು ಅದರ ಮೇಲೆ ಮುಚ್ಚಳದಂತೆ. ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ದರಗಿನ (ಒಣ ಎಲೆಗಳ) ಬೆಂಕಿ ಇವುಗಳ ಹೊಗೆ ಬಿಸಿಲೇರುವವರೆಗೆ ಅಲ್ಲೇ.

ಮಂಜು ಕವಿದ ಬೆಳಗಿನ 150 ನಂಬಬೇಡಿ. ಮೀಟರ್ ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಅಳೆಯುತ್ತದೆ. ತೇವಾಂಶ ಶೇ. 85 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಮಂಜಿನ ಹನಿಯೂ ಲೆಕ್ಕಕ್ಕೆ ಸೇರುತ್ತದೆ. ಮಧ್ಯಾಹ್ನ 1ರಿಂದ 3ರೊಳಗೆ ನೆರಳಲ್ಲಿಟ್ಟು, ಒಲೆಯಿಂದ ದೂರದಲ್ಲಿ ಅಳೆಯಿರಿ. ಬಿಸಿಲಿಗೆ ಅಂಕಿ ಇಳಿದು ಸಂಜೆ ಮತ್ತೆ ಏರಿದರೆ ಹೆಚ್ಚಿನ ಪಾಲು ಊರಿನ ಹೊಗೆ. ದಿನವಿಡೀ ಇಳಿಯದೆ, ಶಿವಮೊಗ್ಗ, ದಾವಣಗೆರೆಗಳಲ್ಲೂ ಅದೇ ದಿನ ಏರಿದ್ದರೆ ಹೊರಗಿನದು. ಖಚಿತವಾಗಬೇಕೆಂದರೆ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ, ಗಾಳಿಯ ದಾರಿ ಲೆಕ್ಕ ಹಾಕುವ ತಂತ್ರಾಂಶ ಹೈಸ್ಪ್ಲಿಟ್‌ನಲ್ಲಿ ನಿಮ್ಮೂರನ್ನು ಗುರುತಿಸಿ, ಎತ್ತರ 500 ಮೀ., ಹಿಂದಿನ 72 ಗಂಟೆ ಕೊಡಿ. ಗಾಳಿ ಬಂದ ದಾರಿ ನಕ್ಷೆಯಲ್ಲಿ ಬರುತ್ತದೆ. ಎತ್ತರ 10 ಮೀ. ಕೊಟ್ಟರೆ ಗೆರೆ ನೆಲಕ್ಕೆ ತಾಗಿ ಕೆಡುತ್ತದೆ.

ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿ ಘನಮೀಟರ್‌ಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಪ್ರಶ್ನೆ: ಬಟ್ಟೆ ಮಾಸ್ಕ್ ಸಾಕೇ?

ಉತ್ತರ: ಸಾಲದು. ಎನ್95 ಬೇಕು, ಮೂಗಿನ ಪಕ್ಕ ಸಂದಿ ಬಿಡಬಾರದು. ಅದಕ್ಕಿಂತ ಮೊದಲು ಬಚ್ಚಲೊಲೆಗೆ ಒಣ ಸೌದೆ ಹಾಕಿ, ಹೊಗೆಕೊಳವೆಯನ್ನು ಮಾಡಿಗಿಂತ ಎತ್ತರಕ್ಕೆ ಒಯ್ಯಿರಿ. ದರಗನ್ನು ಸುಡದೆ ಕೊಟ್ಟಿಗೆಗೆ ಹಾಸಿ.